ಎರಡು ದಾರಿ, ಒಂದು ಎಮ್ಮೆ

ಕೊಟ್ರಮ್ಮ ನಕ್ಕ ದಿನ ನಮ್ಮ ಊರಿನಲ್ಲಿ ಯಾರೂ ಯಾರಿಗೂ ಏನೂ ಆಗಿರಲಿಲ್ಲ. ಗಂಡಂದಿರಿಗೆ ಹೆಂಡತಿ ಇರಲಿಲ್ಲ, ಮನೆಗಳಿಗೆ ಯಜಮಾನ ಇರಲಿಲ್ಲ, ಸತ್ತವರು ಸತ್ತಿರಲಿಲ್ಲ, ಬದುಕಿದ್ದವರು ಬದುಕಿರಲಿಲ್ಲ. ನಾನು ಪುರಸಭೆಯ ಕಿಟಕಿಗೆ ಹೋಗಿ ನನ್ನ ಹಿತ್ತಲಿನ ನೀರಿನ ಸರದಿ ಯಾವತ್ತು ಎಂದು ಕೇಳಿದೆ. ಒಳಗೆ ಕೂತಿದ್ದ ಹುಡುಗಿ ಪರದೆಯನ್ನು ಮೇಲೆ ಕೆಳಗೆ ಮಾಡಿ, "ಅಜ್ಜಾ, ನೀವಿನ್ನೂ ಹುಟ್ಟಿಲ್ಲ" ಅಂದಳು.

"ಹಂಗಾದ್ರೆ ಇಲ್ಲಿ ನಿಂತಿರೋನು ಯಾರವ್ವಾ?" ಅಂದೆ.

"ಅದನ್ನೇ ನಾನೂ ನೋಡ್ತಾ ಇದೀನಿ" ಅಂದಳು.

ಹುಟ್ಟದವನು ಜಗಳ ಆಡಿ ಏನು ಪ್ರಯೋಜನ? ಮನೆಗೆ ಬಂದು ಎಮ್ಮೆಗೆ ಹುಲ್ಲು ಹಾಕಿದೆ. ಎಮ್ಮೆಗೆ ನಾನು ಯಾರೆಂದು ಗೊತ್ತಿತ್ತು.

ನಮ್ಮ ಊರಿನಲ್ಲಿ ಯಾರಾದರೂ ಹೊಟ್ಟೆಯಿಂದ ನಕ್ಕರೆ ಕರೆಂಟು ಹೋಗುತ್ತದೆ. ಮುಗುಳ್ನಗೆಗೆ ಏನೂ ಆಗುವುದಿಲ್ಲ. ಕಿಸಕ್ಕೆಂದರೆ ಬಲ್ಬು ಸ್ವಲ್ಪ ಕೆಂಪಗಾಗುತ್ತದೆ. ಹೊಟ್ಟೆ ಹಿಡಿದುಕೊಂಡು ನಕ್ಕರೆ ಊರಿಗೆ ಊರೇ ಕತ್ತಲು. ನಕ್ಕವರು ನಕ್ಕು ಮುಗಿಸಿ ಕಣ್ಣೊರೆಸಿಕೊಂಡ ಮೇಲೆ ತಾನಾಗಿ ವಾಪಸು ಬರುತ್ತದೆ. ಬ್ಯಾಟರಿ, ಟಾರ್ಚು ಯಾವುದಕ್ಕೂ ವಿನಾಯಿತಿ ಇಲ್ಲ, ಕೂಡಿಟ್ಟ ಕರೆಂಟಿಗೂ ನಗುವೆಂದರೆ ಅಷ್ಟೇ ಭಯ. ಇದಕ್ಕೆ ನಾವೆಲ್ಲ ಹೊಂದಿಕೊಂಡೇ ಬೆಳೆದವರು. ಹಾಸ್ಯ ಹೇಳುವವರು ಮೊದಲು "ದೀಪ ಹಚ್ಕೊಳ್ರಪ್ಪಾ" ಅನ್ನಬೇಕು, ಹಾಗೆ ಹೇಳದೆ ಹೇಳಿದರೆ ಅದು ಅಸಭ್ಯ. ಹಿಟ್ಟಿನ ಗಿರಣಿಯ ಮುಂದೆ ಯಾರೂ ಯಾರನ್ನೂ ಅಡ್ಡಹೆಸರು ಹಿಡಿದು ಕೂಗುವುದಿಲ್ಲ. ಟಾಕೀಸಿನಲ್ಲಿ ನಗೆ ಸಿನಿಮಾ ಹಾಕಿದರೆ ಅರ್ಧಕ್ಕಿಂತ ಮುಂದೆ ನೋಡಿದವರೇ ಇಲ್ಲ. ಆ ಕಥೆಗಳೆಲ್ಲ ಕೊನೆಗೆ ಏನಾಯಿತು ಎಂದು ತಿಳಿಯಬೇಕಾದರೆ ಕಾಲುವೆ ದಾಟಿ ಹೋಗಿ ಕೇಳಿಕೊಂಡು ಬರಬೇಕು. ಕಾಲುವೆಯ ಆಚೆ ದಡ ಬೇರೆ ಊರಿನ ತಂತಿಗೆ ಸೇರಿದ್ದು. ಅಲ್ಲಿ ಎಷ್ಟು ನಕ್ಕರೂ ದೀಪ ಉರಿಯುತ್ತಲೇ ಇರುತ್ತದೆ. ಬೆಳಕಿನಲ್ಲಿ ನಗುವವರನ್ನು ನೋಡಿದರೆ ನಮ್ಮ ಊರಿನವರಿಗೆ ಈಗಲೂ ಒಂಥರಾ ನಾಚಿಕೆ.

ನನಗೆ ನಗು ಬರುವುದಿಲ್ಲ. ಹುಟ್ಟಿದಾಗಿನಿಂದಲೂ ಅಷ್ಟೆ, ಅದರಲ್ಲಿ ದುಃಖವೇನೂ ಇಲ್ಲ. ಕೆಲವರಿಗೆ ಬೆಳ್ಳುಳ್ಳಿ ಸೇರುವುದಿಲ್ಲ, ಹಾಗೆ. ಬೇರೆ ಊರಿನಲ್ಲಾಗಿದ್ದರೆ ನನ್ನನ್ನು ಗಂಟುಮುಖದ ಗದಿಗೆಪ್ಪ ಎಂದು ಕರೆದು ದೂರ ಇಡುತ್ತಿದ್ದರು. ಇಲ್ಲಿಯೂ ದೂರ ಇಟ್ಟಿದ್ದಾರೆ, ಆದರೆ ಗೌರವದಿಂದ. ಮುಖ್ಯವಾದ ತಂತಿ ಯಾವುದೇ ಇರಲಿ, ನಗದವರ ಮನೆ ಪಕ್ಕದಲ್ಲೇ ಹಾಯಬೇಕು ಎನ್ನುವುದು ನಮ್ಮ ಅಜ್ಜಂದಿರ ಕಾಲದ ಪದ್ಧತಿ. ಹಾಗಾಗಿ ಆಸ್ಪತ್ರೆಯ ತಂತಿ, ಗಿರಣಿಯ ತಂತಿ, ನೀರೆತ್ತುವ ಪಂಪಿನ ತಂತಿ ಎಲ್ಲವೂ ನನ್ನ ಗೋಡೆಯ ಮೇಲೆಯೇ. ಹಬ್ಬಕ್ಕೆ ಸುಣ್ಣ ಹೊಡೆಯಲು ಜಾಗವಿಲ್ಲ. ಮನೆ ಉದ್ದನೆಯದು. ಮುಂಬಾಗಿಲು ಹತ್ತಿ ಬೀದಿಗೆ, ಹಿಂಬಾಗಿಲು ಕುಂಬಾರ ಓಣಿಗೆ. ನಡುವೆ ಒಂದು ಮಗ್ಗುಲಿಗೆ ಎಮ್ಮೆಯ ಕೊಟ್ಟಿಗೆ, ಅದರ ಗೋಡೆಯೇ ಹಳೆ ಕೋಟೆಯ ಕರಿಕಲ್ಲಿನ ಗೋಡೆ, ಅದರಾಚೆ ಕಾಲುವೆ. ಇದನ್ನು ಈಗಲೇ ಹೇಳಿಬಿಟ್ಟಿದ್ದೇನೆ. ಆಮೇಲೆ ಎಲ್ಲರೂ ನನ್ನನ್ನೇ ಬೈದರು, ನೀವು ಬೈಯಬೇಡಿ.

ಹಾಲೇಶಪ್ಪ ಪುರಸಭೆಯ ಯಂತ್ರಗಳನ್ನು ನೋಡಿಕೊಳ್ಳುವವನು. ಎಲ್ಲವನ್ನೂ ಅಳೆಯುವ ಮನುಷ್ಯ. ಮೊರದಲ್ಲಿ ಅಕ್ಕಿ ಆರಿಸುವಾಗಲೂ ಮೊದಲು ಮೊರ ಸಮತಟ್ಟಾಗಿದೆಯೋ ಇಲ್ಲವೋ ನೋಡುತ್ತಾನೆ. ಅವನ ಹೆಂಡತಿ ಕೊಟ್ರಮ್ಮ ಅಳತೆಗೆ ಸಿಕ್ಕುವವಳಲ್ಲ. ಆಕೆಯ ನಗು ಮೊದಲು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ, ಆಮೇಲೆ ಬಾಯಿಗೆ ಬರುತ್ತದೆ, ಬಂದ ಮೇಲೆ ಅಂಗಳದ ಕೋಳಿಗಳೂ ನಿಂತು ನೋಡುತ್ತವೆ. ಮದುವೆಯಾದಾಗಿನಿಂದ ಅವರ ಮನೆಯಲ್ಲಿ ಎಣ್ಣೆ ದೀಪವೇ. ಊರಿಗೆಲ್ಲ ಸಂಜೆ ಕರೆಂಟು ಹೋದರೆ ಜನ "ಹಾಲೇಶಪ್ಪ ಮನೆಗೆ ಬಂದ" ಎಂದು ಹೊತ್ತು ತಿಳಿದುಕೊಳ್ಳುತ್ತಿದ್ದರು. ಗಿರಣಿಯವನು ಗೊಣಗುತ್ತಿದ್ದ, ಅಷ್ಟೆ. ಒಂದಿಷ್ಟು ಹಿಟ್ಟು ತಡವಾದರೆ ಯಾರೂ ಸಾಯುವುದಿಲ್ಲ.

ತೊಂದರೆ ಶುರುವಾದದ್ದು ಹೊಸ ಯಂತ್ರ ಬಂದ ಮೇಲೆ. ಹಳೆಯ ಯಂತ್ರ ಊರಿನವರ ಹುಟ್ಟು, ಸಾವು, ಮದುವೆ ಎಲ್ಲವನ್ನೂ ತಟ್ಟೆಯಂಥ ಡಿಸ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿತ್ತು. ಒಂದು ಹೆಸರು ಕೇಳಿದರೆ ಹುಡುಕಿ ತರುವಷ್ಟರಲ್ಲಿ ಕೇಳಿದವರು ಚಹಾ ಕುಡಿದು, ಪರಿಚಯದವರ ಮನೆಗೆ ಹೋಗಿ ಬರಬಹುದಿತ್ತು. ಅಧ್ಯಕ್ಷೆ ನೀಲಾಂಬಿಕೆಗೆ ಅದು ಅವಮಾನ. ಆಕೆ ಎರಡು ದೊಡ್ಡ ಯಂತ್ರಗಳನ್ನು ತರಿಸಿದಳು. ಅವು ಏನನ್ನೂ ಬರೆದಿಡುವುದಿಲ್ಲ, ಇಡೀ ಊರನ್ನು ಮನಸ್ಸಿನಲ್ಲೇ ಇಟ್ಟುಕೊಂಡಿರುತ್ತವೆ. ಕೇಳುವುದು ಮುಗಿಯುವ ಮೊದಲೇ ಉತ್ತರ. ಒಂದು ಯಂತ್ರ ದುಡಿಯುತ್ತದೆ, ಇನ್ನೊಂದು ಪಕ್ಕದಲ್ಲಿ ಕೂತು ಅದನ್ನೇ ನೋಡಿ ಹಾಗೇ ಮಾಡುತ್ತಿರುತ್ತದೆ.

"ಮೇಡಂ, ಇವುಕ್ಕೆ ಒಂದು ದಾಸ್ತಾನು ಬೇಕು. ನೆನಪಿರೋದನ್ನ ಆಗಿಂದಾಗ್ಗೆ ಎಲ್ಲಾದ್ರೂ ಬರೆದು ಇಡ್ಬೇಕು" ಎಂದು ಹಾಲೇಶಪ್ಪ ಮೊದಲ ದಿನವೇ ಹೇಳಿದ್ದ.

"ಒಂದು ಮರೆತ್ರೆ ಇನ್ನೊಂದು ಐತಲ್ಲೋ" ಅಂದಿದ್ದಳು ನೀಲಾಂಬಿಕೆ.

ಉದ್ಘಾಟನೆಯ ದಿನ ಊರೆಲ್ಲ ಕಚೇರಿಯ ಮುಂದೆ ಸೇರಿತ್ತು. ನೀಲಾಂಬಿಕೆ ಮೈಕಿನ ಮುಂದೆ ನಿಂತು, "ಇವತ್ತಿನಿಂದ ನಮ್ಮ ಊರು ಯಾರನ್ನೂ ಮರೆಯೋದಿಲ್ಲ. ಇದಕ್ಕೆಲ್ಲ ಕಾರಣ ನಮ್ಮ... ನಮ್ಮ..." ಎಂದು ಹಾಲೇಶಪ್ಪನ ಕಡೆ ಕೈ ತೋರಿಸಿ ನಿಂತುಬಿಟ್ಟಳು. ಕೈ ಹಾಗೇ ಇದೆ, ಹೆಸರು ಬರುತ್ತಿಲ್ಲ. ಕೊನೆಗೆ ಮೈಕಿನಲ್ಲಿಯೇ, "ಏನಪ್ಪಾ ನಿನ್ನೆಸ್ರು?" ಅಂದಳು.

ಕೊಟ್ರಮ್ಮನ ಭುಜ ಅಲುಗಿತು. ನಾನು ನೋಡಿದೆ. ಹಾಲೇಶಪ್ಪನೂ ನೋಡಿದ, ಓಡಿದ, ತಲುಪಲಿಲ್ಲ. ಆಕೆ ನಕ್ಕಳು. ಮೈಕು ಸತ್ತಿತು, ಫ್ಯಾನು ನಿಂತಿತು, ಎರಡು ಯಂತ್ರಗಳೂ ಒಟ್ಟಿಗೆ ಕಣ್ಣು ಮುಚ್ಚಿದವು. ಕರೆಂಟು ಬಂದಾಗ ಎರಡಕ್ಕೂ ಏನೂ ನೆನಪಿರಲಿಲ್ಲ. ಹಾಗೆ ನಾನು ಹುಟ್ಟದೆ ಹೋದದ್ದು.

ಮತ್ತೆ ಎಲ್ಲರೂ ಸಾಲಾಗಿ ನಿಂತು ತಮ್ಮ ತಮ್ಮ ಬದುಕನ್ನು ಬಾಯಿಂದ ಹೇಳಿ ಬರೆಸಬೇಕಾಯಿತು. ಹಳೆಯ ಯಂತ್ರವನ್ನು ನೀಲಾಂಬಿಕೆ ಗುಜರಿಗೆ ಹಾಕಿಸಿಬಿಟ್ಟಿದ್ದಳು. ಕೆಲವು ಗಂಡಸರು ಮದುವೆಯಾಗಿಲ್ಲ ಎಂದು ಬರೆಸಿ, ಹಿಂದೆಯೇ ನಿಂತಿದ್ದ ಹೆಂಡಿರ ಕೈಯಲ್ಲಿ ಸಿಕ್ಕಿಬಿದ್ದರು. ವಯಸ್ಸಾದ ಹೆಂಗಸರು ವಯಸ್ಸಾಗದೆ ಹೊರಬಂದರು. ಸಾಲು ಕರಗುವಷ್ಟರಲ್ಲಿ ನೀಲಾಂಬಿಕೆಯ ಕಟ್ಟಪ್ಪಣೆ ಬಂತು. ಇನ್ನು ಮೇಲೆ ತಂತಿಯ ಕೆಳಗೆ ಯಾರೂ ನಗಕೂಡದು, ತಡೆದುಕೊಳ್ಳಲಾಗದವರು ಕಾಲುವೆಯಾಚೆ ಇರಬೇಕು. ಹೆಸರು ಯಾರದ್ದೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಕೊಟ್ರಮ್ಮ ಒಂದು ಟ್ರಂಕು, ಒಂದು ರುಬ್ಬುವ ಗುಂಡು ತೆಗೆದುಕೊಂಡು ಆಚೆ ದಡದ ಖಾಲಿ ಹತ್ತಿ ಮಿಲ್ಲಿನ ಪಕ್ಕದ ಮನೆಗೆ ಹೋದಳು. ಯಂತ್ರ ಬಿಟ್ಟು ಅಲುಗುವಂತಿಲ್ಲವೆಂದು ಹಾಲೇಶಪ್ಪ ಈಚೆಯಲ್ಲೇ ಉಳಿದ. ಸಂಜೆಯ ಹೊತ್ತು ಅವನು ಈಚೆ ಮೆಟ್ಟಿಲ ಮೇಲೆ, ಆಕೆ ಆಚೆ ಮೆಟ್ಟಿಲ ಮೇಲೆ. ನನ್ನ ಕೊಟ್ಟಿಗೆಗೆ ಅವರ ಮಾತೆಲ್ಲ ಕೇಳುತ್ತಿತ್ತು. ಕಾಲುವೆಯ ಮೇಲೆ ಕೂಗಿ ಮಾತಾಡುವ ಗಂಡ ಹೆಂಡತಿಗೆ ಗುಟ್ಟೆಂಬುದು ಎಲ್ಲಿ ಉಳಿಯುತ್ತದೆ?

"ಉಂಡ್ಯಾ?" ಎಂದು ಆಕೆ ಕೂಗುವಳು.

"ಉಂಡೆ. ಸಾರಿಗೆ ಉಪ್ಪು ಕಮ್ಮಿ ಆಗಿತ್ತು."

"ಅಳೆದು ಹಾಕಿದ್ದಿಲ್ವಾ?"

"ಅಳೆದೇ ಹಾಕಿದ್ದೆ."

"ಅದಕ್ಕೇ ಕಮ್ಮಿ ಆಗೈತೆ" ಎಂದು ಆಕೆ ನಗುವಳು. ಆಚೆ ದಡದ ದೀಪ ಅಲುಗುತ್ತಿರಲಿಲ್ಲ. ಈಚೆ ಹಾಲೇಶಪ್ಪ ಮುಗುಳ್ನಗೆಯಷ್ಟಕ್ಕೆ ನಿಲ್ಲಿಸಿಕೊಂಡು ತುಟಿ ಕಚ್ಚಿ ಕೂರುವನು. ಒಮ್ಮೆ ಅವನು, "ಸ್ವಲ್ಪ ತಡ್ಕೊಂಡು ಇರೋಕಾಗಲ್ವೇನೇ? ಬಾಯಿಗೆ ಸೆರಗು ಇಟ್ಕೊಂಡಾದ್ರೂ ಬಾ" ಅಂದ. ಆಕೆ, "ಬಾಯಿಗೆ ಸೆರಗು ತುರುಕ್ಕೊಂಡು ಬರೋಳು ನಿನ್ನ ಹೆಂಡ್ತಿ ಅಲ್ಲ, ಅವಳ ಟ್ರಂಕು. ಟ್ರಂಕು ಬೇಕಿದ್ರೆ ನಾಳೇನೇ ಕಳಿಸ್ತೀನಿ" ಅಂದಳು. ಅವನು ಎದ್ದು ಹೋದ. ಮರುದಿನ ಬೆಳಿಗ್ಗೆ ಅಳತೆಯ ಟೇಪು ಹಿಡಿದು ಅಧ್ಯಕ್ಷೆಯ ಕೋಣೆಗೆ ನುಗ್ಗಿದ.

ಒಳಗೆ ನಾನೂ ಇದ್ದೆ. ನನ್ನ ಜನ್ಮದ ತಾರೀಖು ಇನ್ನೂ ತಪ್ಪಾಗಿಯೇ ಇತ್ತು, ಅದನ್ನು ಸರಿಮಾಡಿಸಲು ಹೋಗಿದ್ದೆ.

"ದಾಸ್ತಾನಿನ ಪೆಟ್ಟಿಗೇನ ಆಚೆ ದಡದ ಹತ್ತಿ ಮಿಲ್ಲಿನಾಗೆ ಇಡ್ತೀನಿ" ಅಂದ ಹಾಲೇಶಪ್ಪ. "ಅಲ್ಲಿ ಯಾರು ನಕ್ರೂ ಕರೆಂಟು ಹೋಗಲ್ಲ. ಇಲ್ಲಿ ಯಂತ್ರ ಏನೇ ನೆನಪಿಟ್ಕೊಂಡ್ರೂ, ಕೇಬಲ್ ಮೇಲೆ ಅಲ್ಲಿಗೆ ಹೋಗಿ ಅಲ್ಲಿ ಬರೆದಾದ ಮೇಲೇನೇ ಜನಕ್ಕೆ 'ಆಯಿತು' ಅನ್ನಬೇಕು. ಕರೆಂಟು ಹೋದ್ರೆ ಹೋಗ್ಲಿ. ಬಂದ ಮೇಲೆ ಅಲ್ಲಿಂದ ಅಷ್ಟನ್ನೂ ವಾಪಸು ತುಂಬಿಕೊಳ್ಳತ್ತೆ."

"ಯಂತ್ರಾನೇ ಆಚೆ ಇಟ್ರೆ?"

"ಅದು ಇನ್ನೂ ಸುಲಭ ಮೇಡಂ."

"ಯಂತ್ರ ಹೋದ್ರೆ ಕಚೇರಿ ಹೋಗತ್ತೆ. ಕಚೇರಿ ಹೋದ್ರೆ ಕುರ್ಚಿ ಹೋಗತ್ತೆ. ಬ್ಯಾಡ. ಕೇಬಲ್ ಎಷ್ಟು ದಪ್ಪ?"

ಹಾಲೇಶಪ್ಪ ಕಾದಿದ್ದೇ ಈ ಪ್ರಶ್ನೆಗೆ. ದಿನದ ಬರಹಕ್ಕೆ ಸಣ್ಣ ದಾರಿ ಸಾಕು, ಆದರೆ ತಡವಾಗಕೂಡದು, ಇಲ್ಲದಿದ್ದರೆ ಪ್ರತಿ 'ಆಯಿತು' ಎನ್ನುವುದಕ್ಕೂ ಕಿಟಕಿಯ ಮುಂದೆ ಸಾಲು ಬೆಳೆಯುತ್ತದೆ ಎಂದ. ವಾಪಸು ತುಂಬಿಕೊಳ್ಳುವಾಗ ಅಗಲವಾದ ದಾರಿ ಬೇಕು, ಇಡೀ ಊರು ಒಂದೇ ಸಲಕ್ಕೆ ಬಾಗಿಲಲ್ಲಿ ನುಗ್ಗಿದ ಹಾಗೆ ಅದು, ಸಣ್ಣದಾದರೆ ಸಂಜೆಯವರೆಗೂ ಅರ್ಧ ಊರು ಹುಟ್ಟಿರುವುದಿಲ್ಲ ಎಂದ. ಜನರ ಪ್ರಶ್ನೆಗಳು ಬರುವ ತಂತಿಯ ಮೇಲೆ ಇದನ್ನು ಹೊರಿಸಬೇಡಿ, ಸಂತೆಯ ದಿನ ಎರಡೂ ಸಿಕ್ಕಿಕೊಳ್ಳುತ್ತವೆ ಎಂದ. ಕೊನೆಗೆ ಮೇಜಿನ ಮೇಲೆ ಎರಡು ಕೈಗಳನ್ನೂ ದೂರ ದೂರ ಇಟ್ಟು ತೋರಿಸಿದ. "ಮುಖ್ಯವಾದದ್ದು ಇದು. ದಾರಿ ಎರಡು ಇರಬೇಕು. ಒಂದು ಬಡಗಣ ಕಡೆಯಿಂದ, ಇನ್ನೊಂದು ತೆಂಕಣ ಕಡೆಯಿಂದ. ಎಲ್ಲೂ ಒಂದನ್ನೊಂದು ಮುಟ್ಟಬಾರದು. ಒಂದು ಹರಿದ್ರೆ ಇನ್ನೊಂದು ನಡೀಬೇಕು."

"ಎಲ್ಲೂ ಮುಟ್ಟಲ್ಲ ತಾನೆ?"

"ಈ ಎರಡು ಕೈ ಮುಟ್ಟಿದ್ರೆ ಕೇಳಿ."

ನೀಲಾಂಬಿಕೆ ಬಹಳ ಹೊತ್ತು ಆ ಕೈಗಳನ್ನೇ ನೋಡಿದಳು. "ಸರಿ. ಆದ್ರೆ ಊರಿನ ಎದುರಿಗೇ ಪರೀಕ್ಷೆ ಆಗ್ಬೇಕು. ಗೆದ್ರೆ ನಗಬ್ಯಾಡ ಅನ್ನೋ ಅಪ್ಪಣೆ ವಾಪಸು ತಗೋತೀನಿ, ನಿನ್ನ ಹೆಂಡ್ತಿ ಮನೆಗೆ ಬರ್ಲಿ. ಸೋತ್ರೆ ಆ ಅಪ್ಪಣೇನ ಕಲ್ಲಿನ ಮೇಲೆ ಕೆತ್ತಿಸ್ತೀನಿ. ಆಮೇಲೆ ಆಕೆ ಜನ್ಮಪೂರ್ತಿ ಆಚೇನೇ."

ಹಾಲೇಶಪ್ಪ ಒಪ್ಪಿದ. ನನ್ನ ತಾರೀಖಿನ ಮಾತು ಬರಲೇ ಇಲ್ಲ.

ಎರಡು ಗುಂಪಿಗೆ ಕೆಲಸ ಕೊಟ್ಟರು. ಬಡಗಣ ಗುಂಪಿಗೆ ಖಾದರ್ ಮೇಸ್ತ್ರಿ, ತೆಂಕಣ ಗುಂಪಿಗೆ ದುರುಗಪ್ಪ ಮೇಸ್ತ್ರಿ. ಇಬ್ಬರಿಗೂ ಮಾತಿಲ್ಲ, ಹಿಂದೆ ಯಾವುದೋ ಏಣಿಯ ವಿಷಯಕ್ಕೆ ಜಗಳವಾಗಿತ್ತು. ಅದು ಒಳ್ಳೆಯದೇ ಆಯಿತು, ಒಬ್ಬರ ದಾರಿಗೆ ಇನ್ನೊಬ್ಬರು ಕಾಲಿಡುವುದಿಲ್ಲ ಎಂದು ಹಾಲೇಶಪ್ಪ ಖುಷಿಪಟ್ಟ. ಇಬ್ಬರಿಗೂ ಬೇರೆ ಬೇರೆಯಾಗಿ ಒಂದೇ ಮಾತು ಹೇಳಿದ, "ಜೋಪಾನವಾದ ದಾರಿ ಹಿಡೀರಿ." ನಮ್ಮ ಊರಿನಲ್ಲಿ ಜೋಪಾನವಾದ ದಾರಿಯೆಂದರೆ ಎಲ್ಲರಿಗೂ ಗೊತ್ತು. ನಗದವರ ಮನೆ.

ಖಾದರ್ ಮೇಸ್ತ್ರಿ ಹತ್ತಿ ಬೀದಿಯಲ್ಲಿ ಬಂದು ನನ್ನ ಮುಂಬಾಗಿಲು ತಟ್ಟಿದ. "ಅಜ್ಜಾ, ಊರಿನ ಕೆಲಸ" ಅಂದ. ಬಾ ಅಂದೆ. ಕೊಟ್ಟಿಗೆಗೆ ಕರೆದುಕೊಂಡು ಹೋದೆ. ಅವನ ಹುಡುಗರು ಬೆವರು ಸುರಿಸಿ ಕೋಟೆಗೋಡೆಗೆ ತೂತು ಕೊರೆದು, ಕಪ್ಪು ಕೊಳವೆಯಲ್ಲಿ ಕೇಬಲ್ ತೂರಿಸಿ, ಕಾಲುವೆಯ ನೀರಿನೊಳಗೆ ಇಳಿಸಿದರು. ಕೆಲವು ದಿನ ಕಳೆದ ಮೇಲೆ ದುರುಗಪ್ಪ ಕುಂಬಾರ ಓಣಿಯಲ್ಲಿ ಬಂದು ಹಿಂಬಾಗಿಲು ತಟ್ಟಿದ. "ಅಜ್ಜಾ, ಊರಿನ ಕೆಲಸ" ಅಂದ. ಅವನಿಗೂ ಬಾ ಅಂದೆ. ಕೋಟೆಗೋಡೆಯಲ್ಲಿ ಆಗಲೇ ಒಂದು ತೂತು ಇರುವುದನ್ನು ಕಂಡು ಅವನ ಮುಖ ಅರಳಿತು. "ಯಾವ ಪುಣ್ಯಾತ್ಮ ಕೊರೆದಿಟ್ಟವ್ನೆ!" ಎಂದು ತನ್ನ ಕೊಳವೆಯನ್ನೂ ಅದರಲ್ಲೇ ತೂರಿಸಿದ. ಪುಣ್ಯಾತ್ಮ ಯಾರೆಂದು ನಾನು ಹೇಳಲಿಲ್ಲ, ಹೇಳಿದ್ದರೆ ಅವನು ಮುನಿಸಿಕೊಂಡು ಹೋಗುತ್ತಿದ್ದ.

ಹಾಲೇಶಪ್ಪ ಎರಡೂ ದಾರಿಗಳನ್ನು ಕಾಲಿನಲ್ಲಿ ನಡೆದೇ ನೋಡಿದ. ಬಡಗಣ ಕೇಬಲ್ ಜೊತೆಗೆ ಹತ್ತಿ ಬೀದಿಯ ಒಂದು ಬಾಗಿಲಿನವರೆಗೆ ಬಂದ, ಗೋಡೆಯ ಮೇಲಿನ ತಂತಿಗಳನ್ನು ನೋಡಿ ತಲೆದೂಗಿದ. ತೆಂಕಣ ಕೇಬಲ್ ಜೊತೆಗೆ ಕುಂಬಾರ ಓಣಿಯ ಒಂದು ಬಾಗಿಲಿನವರೆಗೆ ಬಂದ, ಅಲ್ಲಿಯೂ ತಲೆದೂಗಿದ. ಆಚೆ ದಡದಲ್ಲಿ ಎರಡು ಕೊಳವೆಗಳೂ ಬೇರೆ ಬೇರೆ ಕಡೆ ನೀರಿನಿಂದ ಮೇಲೇಳುವುದನ್ನು ನೋಡಿ, ನಡುವಿನ ದೂರವನ್ನು ಅಳೆದು, ಸಂತೋಷಪಟ್ಟ. ನನ್ನ ಮನೆಯ ಒಳಗೆ ಮಾತ್ರ ಬರಲಿಲ್ಲ. ನನ್ನ ಮನೆಯ ಒಳಗೆ ಯಾರೂ ಬರುವುದಿಲ್ಲ. ಬಂದಿದ್ದರೆ ಎರಡು ಬಾಗಿಲೂ ಒಂದೇ ಮನೆಯವು ಎಂದು ಕಾಣುತ್ತಿತ್ತು. ಕೇಳಿದ್ದರೂ ಹೇಳುತ್ತಿದ್ದೆ. ಕೇಳದೆ ಹೇಳುವ ಅಭ್ಯಾಸ ನನಗಿಲ್ಲ.

ಎಮ್ಮೆಯ ವಿಷಯ. ನನ್ನ ರಂಭೆಯ ಗೂಟ ಆ ತೂತಿನ ಗಲಾಟೆಯಲ್ಲಿ ಸಡಿಲವಾಗಿ ಕಿತ್ತುಬಂದಿತ್ತು. ಗೋಡೆಯಿಂದ ಎರಡು ಗಟ್ಟಿ ಕೊಳವೆಗಳು ಹೊರಬಂದು ನಿಂತಿದ್ದವು. ಒಂದು ಸಾಲದು ಎನಿಸಿ ಎರಡನ್ನೂ ಸೇರಿಸಿ ಹಗ್ಗ ಸುತ್ತಿ ಎಮ್ಮೆ ಕಟ್ಟಿದೆ. ಊರಿನವರು ನನ್ನ ಗೋಡೆಯನ್ನು ಅಷ್ಟು ವರ್ಷ ಉಪಯೋಗಿಸಿದ್ದಾರೆ, ಊರಿನ ಕೊಳವೆಯನ್ನು ನಾನು ಉಪಯೋಗಿಸಬಾರದೇ?

ಪರೀಕ್ಷೆಯ ದಿನ ಬೆಳಿಗ್ಗೆ ಕಚೇರಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಕೊಟ್ರಮ್ಮನನ್ನು ದೋಣಿಯಲ್ಲಿ ಕರೆತಂದು ವೇದಿಕೆಯ ಮೇಲೆ ಕೂರಿಸಿದ್ದರು, ಹೊಸ ಸೀರೆ, ತಲೆ ತುಂಬ ದುಂಡುಮಲ್ಲಿಗೆ. ನೀಲಾಂಬಿಕೆ ಈ ಸಲ ಮೈಕು ಮುಟ್ಟಲಿಲ್ಲ.

"ಕೊಟ್ರಮ್ಮ, ಊರಿನ ಪರವಾಗಿ ಕೇಳ್ತಾ ಇದೀನಿ. ನಗಮ್ಮ" ಅಂದಳು.

ಕೊಟ್ರಮ್ಮ ಬಾಯಿ ತೆರೆದಳು. ಏನೂ ಬರಲಿಲ್ಲ. ಮತ್ತೆ ತೆರೆದಳು. ಕೆಮ್ಮು ಬಂತು.

"ಏನೇ ಇದು?" ಎಂದು ಹಾಲೇಶಪ್ಪ ಪಿಸುಗುಟ್ಟಿದ.

"ಎಲ್ಲರೂ ಹಿಂಗೆ ನನ್ನ ಹಲ್ಲೇ ನೋಡ್ತಾ ಕೂತ್ರೆ ನಗು ಹೆಂಗೆ ಬರ್ಬೇಕು? ಹೆಣ್ಣು ನೋಡಾಕೆ ಬಂದಾಗ್ಲೂ ಇಷ್ಟು ಭಯ ಆಗಿರ್ಲಿಲ್ಲ."

ಜನ ಮುಂದೆ ಬಂದರು. ಕ್ಷೌರದಂಗಡಿಯವನು ಆಚೆ ದಡದಲ್ಲಿ ಕಲಿತ ಹಾಸ್ಯ ಹೇಳಿದ. ಬಳೆಗಾರ್ತಿ ತನ್ನ ಗಂಡ ಗೊರಕೆ ಹೊಡೆಯುವುದನ್ನು ಮಾಡಿ ತೋರಿಸಿದಳು. ಗಿರಣಿಯವನು, ಜನ್ಮದಲ್ಲೇ ಮೊದಲ ಸಲ, ಕುಣಿದ. ಬಲ್ಬು ಒಂದೆರಡು ಸಲ ಕೆಂಪಗಾಯಿತು, ಅದೂ ಕೊಟ್ರಮ್ಮನಿಂದಲ್ಲ. ಆಕೆ ಸೆರಗು ಹಿಂಡುತ್ತಾ ಗಂಡನ ಮುಖ ನೋಡುತ್ತಿದ್ದಳು. ಅವನು ನೆಲ ನೋಡುತ್ತಿದ್ದ. ನೀಲಾಂಬಿಕೆ ಕಲ್ಲು ಕೆತ್ತುವವನ ಕಡೆ ನೋಡಿದಳು. ಅವನೂ ಉಳಿ ಹಿಡಿದು ಬಂದಿದ್ದ.

ನಾನು ಅಲ್ಲಿಗೆ ಹೋದದ್ದು ಆಗಲೇ. ನಗಿಸಲು ಹೋದದ್ದಲ್ಲ, ದೂರು ಹೇಳಲು ಹೋದದ್ದು. ಬೆಳಗಿನಿಂದ ಪರೀಕ್ಷೆಯ ಡೊಳ್ಳಿನ ಸದ್ದಿಗೆ ಬೆದರಿ ರಂಭೆ ಜಗ್ಗಾಡುತ್ತಿದ್ದಳು, ಕೋಟೆಗೋಡೆಯ ಗಾರೆ ಉದುರುತ್ತಿತ್ತು.

"ಹಾಲೇಶಪ್ಪಾ, ನಿನ್ನ ಪೈಪು ಗಟ್ಟಿ ಇಲ್ಲ" ಅಂದೆ. "ಎಮ್ಮೆ ಇನ್ನೊಂದು ಸಲ ಜಗ್ಗಿದ್ರೆ ಕಿತ್ತು ಬರ್ತೈತೆ. ಗೋಡೆ ಯಾರು ಕಟ್ಟಿಕೊಡೋರು?"

ಅವನು ತಲೆಯೆತ್ತಿದ. "ಯಾವ ಪೈಪು? ಬಡಗಣದ್ದಾ, ತೆಂಕಣದ್ದಾ?"

"ಎರಡೂ."

"ಎರಡೂ ಅಂದ್ರೆ?"

"ಎರಡೂ ಅಂದ್ರೆ ಎರಡೂ. ಒಂದೇ ತೂತಿನಾಗೆ ಅದಾವಲ್ಲ."

"ಯಾವ... ಯಾವ ಮನೆ ಅಜ್ಜಾ ನಿಂದು? ಹತ್ತಿ ಬೀದೀದಾ, ಕುಂಬಾರ ಓಣೀದಾ?"

"ಎರಡೂ" ಅಂದೆ.

ಹಾಲೇಶಪ್ಪ ಎರಡು ಕೈಗಳನ್ನೂ ಮುಂದೆ ಚಾಚಿದ, ಅಧ್ಯಕ್ಷೆಯ ಮೇಜಿನ ಮೇಲೆ ಇಟ್ಟಿದ್ದ ಹಾಗೆಯೇ, ದೂರ ದೂರ. ಆ ಕೈಗಳು ತಾವಾಗಿಯೇ ಹತ್ತಿರ ಬಂದು ಒಂದಕ್ಕೊಂದು ಅಂಟಿಕೊಂಡವು. ನಮಸ್ಕಾರ ಮಾಡುವ ಭಂಗಿಯಲ್ಲಿ ನನ್ನ ಮುಂದೆ ನಿಂತುಬಿಟ್ಟ. "ನಮಸ್ಕಾರ" ಅಂದೆ ನಾನು. ಹಿರಿಯನಲ್ಲವೇ.

ಕೊಟ್ರಮ್ಮನ ಭುಜ ಅಲುಗಿತು.

ಕಚೇರಿಯ ಫ್ಯಾನುಗಳು ನಿಂತವು, ಗಿರಣಿ ನಿಂತಿತು, ಎರಡು ಯಂತ್ರಗಳೂ ಕಣ್ಣು ಮುಚ್ಚಿದವು. ಜನ ಹೋ ಎಂದು ಕೂಗಿದರು. ಹಾಲೇಶಪ್ಪನ ಮುಖ ಮಾತ್ರ ಬಿಳಿಚಿಕೊಂಡಿತು. ಇಲ್ಲಿಯವರೆಗಿನದೆಲ್ಲ ಆಚೆ ದಡದಲ್ಲಿ ಬರೆದಾಗಿದೆ, ಸರಿ. ಆದರೆ ಆಕೆ ನಗು ನಿಲ್ಲಿಸಿದ ಕೂಡಲೇ ಕರೆಂಟು ಬರುತ್ತದೆ, ಯಂತ್ರಗಳು ಎದ್ದು ದಾಸ್ತಾನಿಗೆ ಕೈ ಚಾಚುತ್ತವೆ. ಆ ಹೊತ್ತಿಗೆ ಎಮ್ಮೆ ಜಗ್ಗಿತೆಂದರೆ ಎರಡು ದಾರಿಯೂ ಒಂದೇ ಏಟಿಗೆ ಹರಿಯುತ್ತವೆ. ಖಾಲಿ ತಲೆಯಲ್ಲಿ ಯಂತ್ರ ಎದ್ದು ಕೂರುತ್ತದೆ, ಕಲ್ಲಿನವನು ಉಳಿ ಎತ್ತುತ್ತಾನೆ.

"ನಗ್ತಾ ಇರು ಕೊಟ್ರೀ! ನಿಲ್ಲಿಸ್ಬ್ಯಾಡ!" ಎಂದು ಕೂಗಿ ಅವನು ನನ್ನ ಮನೆಯ ಕಡೆ ಓಡಿದ.

"ನಗಮ್ಮ, ನಗು, ನಿಲ್ಲಿಸಿದ್ರೆ ನೋಡು!" ಎಂದು ನೀಲಾಂಬಿಕೆ ಗದರಿದಳು. ನಗಬಾರದೆಂದು ಅಪ್ಪಣೆ ಹೊರಡಿಸಿದ ಬಾಯಿಯೇ ಅದು. ಅದನ್ನು ಕೇಳಿ ಕೊಟ್ರಮ್ಮನಿಗೆ ಇನ್ನಷ್ಟು ನಗು ಬಂತು. ಆಕೆ ನಗುತ್ತಲೇ ಗಂಡನ ಹಿಂದೆ ಓಡಿದಳು, ಆಕೆಯ ಹಿಂದೆ ಊರು ಓಡಿತು. ನನಗೆ ಮಂಡಿನೋವು, ನಾನು ನಡೆದುಕೊಂಡು ಹೋದೆ.

ನಾನು ಹೋಗುವಷ್ಟರಲ್ಲಿ ನನ್ನ ಮನೆಯಲ್ಲಿ ಹಿಂದೆಂದೂ ಇಲ್ಲದಷ್ಟು ಜನ. ಅರ್ಧ ಮಂದಿ ಮುಂಬಾಗಿಲಿನಿಂದ ಬಂದಿದ್ದರು, ಅರ್ಧ ಮಂದಿ ಹಿಂಬಾಗಿಲಿನಿಂದ. ನಡುವೆ ಎದುರುಬದುರಾಗಿ "ನೀವು ಹೆಂಗೆ ಇಲ್ಲಿ?" ಎಂದು ಬೆರಗಾಗಿ ನಿಂತಿದ್ದರು. ಖಾದರ್ ಮೇಸ್ತ್ರಿ ಮತ್ತು ದುರುಗಪ್ಪ ಮೇಸ್ತ್ರಿ ತೂತನ್ನು ನೋಡಿದರು, ಒಬ್ಬರನ್ನೊಬ್ಬರು ನೋಡಿದರು.

"ಆ ಪುಣ್ಯಾತ್ಮ ನೀನೇನೋ?" ಅಂದ ದುರುಗಪ್ಪ. ಏಣಿಯ ನಂತರ ಅದೇ ಮೊದಲ ಮಾತು.

ಕೊಟ್ಟಿಗೆಯಲ್ಲಿ ಹಾಲೇಶಪ್ಪ ರಂಭೆಯ ಕುತ್ತಿಗೆಯನ್ನು ಎರಡೂ ಕೈಯಿಂದ ಅಪ್ಪಿಕೊಂಡಿದ್ದ. ಕೊಳವೆಗಳು ಗೋಡೆಯಿಂದ ಮೊಳದಷ್ಟು ಹೊರಗೆ ಬಂದಿದ್ದವು. ಅವನು "ಅವ್ವಾ, ತಾಯೀ, ಅಲುಗಬ್ಯಾಡ" ಎಂದು ಬೇಡಿಕೊಳ್ಳುತ್ತಿದ್ದ, ರಂಭೆ ಅವನ ಕೆನ್ನೆ ನೆಕ್ಕುತ್ತಿದ್ದಳು, ಅವನ ಕಾಲು ಸಗಣಿಯಲ್ಲಿ ಒಂದು ಸಲ ಅತ್ತ, ಒಂದು ಸಲ ಇತ್ತ ಜಾರುತ್ತಿತ್ತು. ಆದರೂ ಕೈ ಬಿಡಲಿಲ್ಲ. "ನನ್ನನ್ನ ಒಂದಿನಾನೂ ಹಿಂಗೆ ಹಿಡ್ಕೊಳ್ಳಿಲ್ಲ ನೋಡ್ರೀ!" ಎಂದು ಕೊಟ್ರಮ್ಮ ಬಾಗಿಲಿಗೆ ಒರಗಿ ಕುಸಿದು ಕೂತಳು. ಆಮೇಲೆ ನಗದವರು ಯಾರೂ ಉಳಿಯಲಿಲ್ಲ. ಬಳೆಗಾರ್ತಿ, ಗಿರಣಿಯವನು, ಇಬ್ಬರು ಮೇಸ್ತ್ರಿಗಳು, ಕಲ್ಲು ಕೆತ್ತುವವನು, ಎಲ್ಲರೂ.

ನಾನು ನಗಲಿಲ್ಲ. ಎಮ್ಮೆ ನನ್ನದಲ್ಲವೇ. ಜನರನ್ನು ಸರಿಸಿಕೊಂಡು ಹೋಗಿ ರಂಭೆಯ ಬೆನ್ನು ತಟ್ಟಿ ಗಂಟು ಬಿಚ್ಚಿದೆ. ನನ್ನ ಗಂಟು ಬೇರೆಯವರಿಗೆ ಬಿಚ್ಚಲು ಬರುವುದಿಲ್ಲ. ಹಾಲೇಶಪ್ಪ ಕೊಳವೆಗಳನ್ನು ಮೆಲ್ಲಗೆ ಒಳಗೆ ತಳ್ಳಿ, ಕೈಯಿಂದ ತಡವಿ ನೋಡಿ, ಎಲ್ಲಿಯೂ ಮುರಿದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಸಗಣಿ ಮೆತ್ತಿದ ಕೈಯನ್ನು ಮೇಲೆತ್ತಿದ. "ಸಾಕು ಕೊಟ್ರೀ. ಈಗ ನಿಲ್ಸು."

ಕೊಟ್ರಮ್ಮ ಕಣ್ಣೊರೆಸಿಕೊಂಡಳು. ಒಬ್ಬೊಬ್ಬರಾಗಿ ಎಲ್ಲರೂ ಕಣ್ಣೊರೆಸಿಕೊಂಡರು. ಕರೆಂಟು ಬರಲಿಲ್ಲ. ಹಾಲೇಶಪ್ಪ ಗಾಬರಿಯಾಗಿ ಸುತ್ತ ನೋಡಿದ. ನನ್ನ ಹುಲ್ಲಿನ ಬಣವೆಯ ಹಿಂದಿನಿಂದ ಕುದುರೆ ಕೆನೆದಂಥ ಸದ್ದು ಬರುತ್ತಿತ್ತು. ಹೋಗಿ ನೋಡಿದರೆ ಅಧ್ಯಕ್ಷೆ ನೀಲಾಂಬಿಕೆ ಗೋಡೆಗೆ ಹಣೆ ಒತ್ತಿಕೊಂಡು, ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು. ಎಷ್ಟು ವರ್ಷದ್ದನ್ನು ತಡೆದಿಟ್ಟಿದ್ದಳೋ ಏನೋ. ಇಡೀ ಊರು ಗೌರವದಿಂದ ಕಾದು ನಿಂತಿತು. ಒಮ್ಮೆ ನಗು ನಿಂತಿತು ಅನ್ನುವಷ್ಟರಲ್ಲಿ ಆಕೆ "ನಮಸ್ಕಾರ ಅಂದ್ನಲ್ಲೋ ಅಜ್ಜ!" ಎಂದು ಮತ್ತೆ ಶುರು ಮಾಡಿದಳು. ಕೊನೆಗೆ ಯಾರೋ ನೀರು ಕೊಟ್ಟರು.

ಕರೆಂಟು ಬಂತು. ಎಲ್ಲರೂ ಮತ್ತೆ ಕಚೇರಿಗೆ ಓಡಿದರು. ಈ ಸಲ ನನ್ನನ್ನು ಯಾರದೋ ಸೈಕಲ್ಲಿನ ಹಿಂದೆ ಕೂರಿಸಿಕೊಂಡರು. ಕಿಟಕಿಯ ಹುಡುಗಿ ಪರದೆಯ ಮುಂದೆ ಕೂತಿದ್ದಳು, ಪರದೆ ಖಾಲಿ. ಹಾಲೇಶಪ್ಪ ಕಿಟಕಿಯ ಸರಳು ಹಿಡಿದು ನಿಂತ, ಅವನ ಪಕ್ಕದಲ್ಲಿ ಕೊಟ್ರಮ್ಮ. ಆಮೇಲೆ ಪರದೆಯ ಮೂಲೆಯಲ್ಲಿ ಒಂದು ಸಾಲು, ಅದರ ಕೆಳಗೆ ಇನ್ನೊಂದು, ನೋಡನೋಡುತ್ತಿದ್ದಂತೆ ಮಳೆ ಹೊಡೆದ ಹಾಗೆ ಹೆಸರುಗಳು ಇಳಿದು ತುಂಬಿಕೊಂಡವು.

"ಯಾರದಾದ್ರೂ ಹೆಸರು ಹೇಳಿ, ಕೇಳಿ ನೋಡ್ತೀನಿ" ಅಂದಳು ಹುಡುಗಿ.

"ಹಾಲೇಶಪ್ಪ" ಅಂದಳು ನೀಲಾಂಬಿಕೆ. ಒಂದು ಕ್ಷಣವೂ ತಡವರಿಸಲಿಲ್ಲ. "ನಮ್ಮ ಹಾಲೇಶಪ್ಪಂದು ಕೇಳು."

ಹುಡುಗಿ ಓದಿದಳು. "ಹಾಲೇಶಪ್ಪ. ಯಂತ್ರದ ಮೇಲ್ವಿಚಾರಕ. ಹೆಂಡತಿ ಕೊಟ್ರಮ್ಮ. ಹೆಂಡತಿಯ ವಾಸ, ಕಾಲುವೆಯಾಚೆ."

"ಆಚೆ ಅನ್ನೋದನ್ನ ತೆಗಿಯವ್ವಾ" ಅಂದಳು ಕೊಟ್ರಮ್ಮ.

ಹುಡುಗಿ ಅಧ್ಯಕ್ಷೆಯ ಮುಖ ನೋಡಿದಳು. ಅಧ್ಯಕ್ಷೆ ಕಲ್ಲಿನವನ ಕಡೆ ತಿರುಗಿ, "ನೀನು ಮನೆಗೆ ಹೋಗಪ್ಪಾ" ಅಂದಳು. ಹುಡುಗಿ ಗುಂಡಿ ಒತ್ತಿದಳು. ಕೇಬಲ್ಲಿನ ಮೇಲೆ ಆ ಒಂದು ಮಾತು ಕಾಲುವೆ ದಾಟಿ ಹೋಗಿ, ಹತ್ತಿ ಮಿಲ್ಲಿನಲ್ಲಿ ಬರೆಸಿಕೊಂಡು, ವಾಪಸು ಬಂತು. ಪರದೆಯ ಮೇಲೆ 'ಆಯಿತು' ಎಂದು ಮೂಡಿತು.

ನನ್ನದನ್ನೂ ಕೇಳಿದೆ. "ಹುಟ್ಟೀರಿ ಅಜ್ಜಾ" ಅಂದಳು. ತಾರೀಖು ಈಗಲೂ ತಪ್ಪೇ.

ಆಮೇಲೆ ಹಾಲೇಶಪ್ಪ ಒಂದು ದಾರಿಯನ್ನು ನನ್ನ ಮನೆಯಲ್ಲೇ ಬಿಟ್ಟು ಇನ್ನೊಂದನ್ನು ಕಿತ್ತು ದೂರದ ದೋಣಿಕಟ್ಟೆಯ ಕಡೆಯಿಂದ ಹಾಕಿಸಿದ. ಆ ಕೇಬಲ್ಲಿನೊಳಗೆ ಹೋಗುವುದು ಕರೆಂಟೇ ಅಲ್ಲವಂತೆ, ಗಾಜಿನ ಎಳೆಯೊಳಗೆ ಹರಿಯುವ ಬೆಳಕಂತೆ, ಅದಕ್ಕೆ ಯಾರ ನಗುವಿನ ಹಂಗೂ ಇಲ್ಲವಂತೆ. ನಗದವರ ಮನೆ ಹುಡುಕುವ ಅಗತ್ಯವೇ ಇರಲಿಲ್ಲವಂತೆ. ಅದನ್ನು ಆ ಮನುಷ್ಯ ಮೊದಲೇ ಮೇಸ್ತ್ರಿಗಳಿಗೆ ಹೇಳಬಹುದಿತ್ತು. ಯಾರೂ ಕೇಳಲಿಲ್ಲ ಅಂದ. ಅದು ನನ್ನದೇ ಮಾತು.

ಈಗ ಸಂಜೆ ಊಟಕ್ಕೆ ಕೂತರೆ ದೀಪ ಹೋಗುತ್ತದೆ. ಮೊದಲು ಬಲ್ಬು ಕೆಂಪಗಾಗುತ್ತದೆ, ಕೊಟ್ರಮ್ಮನ ಭುಜ ಅಲುಗುತ್ತಿದೆ ಎಂದು ತಿಳಿದುಕೊಳ್ಳುತ್ತೇನೆ. ಆಮೇಲೆ ಕತ್ತಲು. ಗಿರಣಿಯವನೂ ಗೊಣಗುವುದಿಲ್ಲ. ನಾನು ದೀಪ ಹಚ್ಚುವುದಿಲ್ಲ, ಬಾಯಿ ಎಲ್ಲಿದೆ ಎಂದು ಕೈಗೆ ಗೊತ್ತು. ಹೊಸ ಗೂಟದ ಹತ್ತಿರ ರಂಭೆ ಮೆಲುಕು ಹಾಕುವುದು ಕೇಳಿಸುತ್ತದೆ. ಅವರು ನಕ್ಕು ಮುಗಿಸಲಿ ಎಂದು ಇಬ್ಬರೂ ಕಾಯುತ್ತೇವೆ.